‘ಸರ್ಪ್ಲಸ್ ರೈಫಲ್’ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಮುದ್ರಣಕ್ಕೆ ಹೋಗಬೇಕು)

ಪ್ರಶ್ನೆ, ಕಾಸರಗೋಡಿನ ಬದಿಯಡ್ಕದಿಂದ:
ನಮ್ಮೂರ ವಾಚನಾಲಯದಲ್ಲಿ ಯುದ್ಧಕಾಲದ ಫೋಟೋಗಳ ಪ್ರದರ್ಶನ ಇದೆ. ಮಲಯಾಳದ ಅಡಿಬರಹ ಆಗಿದೆ, ಕನ್ನಡದ್ದು ನನ್ನ ಪಾಲಿಗೆ ಬಂದಿದೆ. ‘ಮಿಲಿಟರಿ ಸರ್ಪ್ಲಸ್ ರೈಫಲ್’ (ಸೇನೆ ತನಗೆ ಬೇಡವೆಂದು ಮಾರಿದ್ದು) ಹತ್ತಿರ ನಿಂತುಬಿಟ್ಟೆ. ‘ಹೆಚ್ಚುವರಿ ಬಂದೂಕು’ ಅಂದರೆ ಇನ್ನಷ್ಟು ತರಿಸಿಕೊಂಡದ್ದು ಅಂತಾಗುತ್ತದೆ, ಅಲ್ವಾ? ‘ಬೋಲ್ಟ್ ಆಕ್ಷನ್’ಗೂ ಪದ ಬೇಕು. ಇನ್ನೊಂದು ಫೋಟೋದಲ್ಲಿ ಸಿಪಾಯಿ ಹಿಡಿದ ಬ್ರಿಟಿಷ್ ಬಂದೂಕು ಲೀ-ಎನ್‌ಫೀಲ್ಡಿನ ನಳಿಗೆ ಮರದಿಂದ ಹೆಬ್ಬೆರಳಿನಷ್ಟು ಹೊರಗೆ ಚಾಚಿದೆ. ಗುರಿ ನೋಡುವ ಹಿಂದಿನ ಕಿಂಡಿ ಕೆನ್ನೆಯ ಹತ್ತಿರವೇ ಇದೆ. ಆ ಚಾಚಿದ ತುದಿಗೆ ಏನನ್ನುತ್ತಾರೆ? ಮೂಲದಲ್ಲಿ ‘ಮೊದಲ ಮಹಾಯುದ್ಧ’ ಅಂತ ಬರೆದಿದೆ.

ಉತ್ತರ, ಮಂಜೇಶ್ವರದಿಂದ:
ಬಂದೂಕು ಬೇಡ, ಅದು ಅರಬ್ಬಿಯಿಂದ ಬಂದದ್ದು. ತುಪಾಕಿಯೂ ಬೇಡ, ತುರ್ಕಿಯದ್ದು. ನಮ್ಮದೇ ‘ಬೆಡಿ’ ಇರುವಾಗ ಸಾಲ ಯಾಕೆ? ತಮಿಳು, ಮಲಯಾಳದ ವೆಡಿಯೇ ನಮ್ಮ ಬೆಡಿ. ವೇರು ಬೇರಾಯಿತು, ವಿಲ್ ಬಿಲ್ಲಾಯಿತು. ‘ಪಡೆಯುಳಿಕೆ ಬೆಡಿ’ ಅಂತ ಬರೆಯಿರಿ. ಬೋಲ್ಟಿಗೆ ಅಗುಳಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಉತ್ತರ, ಕುಂಬಳೆಯಿಂದ:
ಇದೆ. ಬೆಡಿ ಅಂದರೆ ನಮ್ಮೂರಿನವರ ಕಣ್ಣ ಮುಂದೆ ಬರುವುದು ದೇವಸ್ಥಾನದ ಆಯನದ (ಜಾತ್ರೆಯ) ಸುಡುಮದ್ದು. ಹಂದಿ ಓಡಿಸುವ ಕೋವಿಯೂ ಬೆಡಿ, ಅದರ ಸದ್ದೂ ಬೆಡಿ. ಅಡಿಬರಹಕ್ಕೆ ಅಷ್ಟು ಅಗಲದ ಪದ ಆಗದು. ‘ಪಡೆಯುಳಿಕೆ’ ಓದಿದವರು ಸತ್ತವರು ಹೋಗಿ ಉಳಿದ ಸೈನಿಕರು ಅಂದುಕೊಳ್ಳುತ್ತಾರೆ.

ಅಗುಳಿ ಮಾತ್ರ ಚೆನ್ನಾಗಿದೆ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ ಬೀಳುತ್ತದೆ. ಮುಂದಕ್ಕೆ ನೂಕಿ ಕೆಳಗೆ ಒತ್ತಿದರೆ ಹೊಸದು ಒಳಗೆ ಕೂರುತ್ತದೆ. ‘ಕೈಯಗುಳಿ ಬಂದೂಕು’ ಅನ್ನಿ, ಚಾಚಿದ್ದಕ್ಕೆ ‘ನಳಿಗೆ ತುದಿ’ ಸಾಕು.

ಪದಕ್ಕಿಂತ ಮೊದಲು ಇಸವಿ ಸರಿಮಾಡಿ. ಮೊದಲ ಯುದ್ಧದ ಮಾರ್ಕ್ 3 ಮಾದರಿಯಲ್ಲಿ ನಳಿಗೆಯೂ ಮುಂದಿನ ಕವಚವೂ ಒಂದೇ ಮಟ್ಟಕ್ಕೆ ಮುಗಿಯುತ್ತವೆ, ಮೂತಿ ಮೊಂಡು. ಗುರಿ ನೋಡುವ ಹಿಂದಿನ ಪಟ್ಟಿ ಕೆನ್ನೆಯ ಹತ್ತಿರ ಅಲ್ಲ, ನಳಿಗೆಯ ಮೇಲೆ ಇರುತ್ತದೆ. ನೀವು ಹೇಳುತ್ತಿರುವುದು ನಂಬರ್ 4 ಮಾದರಿ. ಅದು ದೊಡ್ಡ ಸಂಖ್ಯೆಯಲ್ಲಿ ತಯಾರಾದದ್ದು 1941ರಿಂದ. ಹಾಗಂತ ಮೊಂಡು ಮೂತಿ ಕಂಡ ಕೂಡಲೇ 1914 ಅಂತ ಬರೆಯಬೇಡಿ. ಬಂಗಾಳದ ಇಶಾಪುರದ ಬಂದೂಕು ಕಾರ್ಖಾನೆ ಅದನ್ನು ಆಮೇಲೂ ಮಾಡುತ್ತಿತ್ತು. 1962ರ ಚೀನಾ ಯುದ್ಧದಲ್ಲೂ ನಮ್ಮ ಸೈನಿಕರ ಕೈಯಲ್ಲಿ 303, ಅಂದರೆ ಇದೇ ಲೀ-ಎನ್‌ಫೀಲ್ಡ್ ಇತ್ತು. ಫೋಟೋ ಯಾವಾಗಿನಿಂದ ಈಚಿನದು ಅನ್ನುವುದನ್ನಷ್ಟೇ ಬಂದೂಕು ಹೇಳುತ್ತದೆ.

ಸರ್ಪ್ಲಸ್ಸಿಗೆ ‘ಸೇನೆ ವಿಲೇವಾರಿ ಮಾಡಿದ ಬಂದೂಕು’. ಕೆನಡಾದ ಬೇಟೆಗಾರರು ಅಗ್ಗಕ್ಕೆ ಕೊಂಡದ್ದು ಅಂಥವನ್ನೇ.

ಮಂಜೇಶ್ವರದಿಂದ:
ವಿಲೇವಾರಿ ಕಸದ ಬುಟ್ಟಿಯ ಪದ. ಅದೂ ಎರವಲು. ಗಡಿಯಲ್ಲಿ ಕೂತು ಒಂದೊಂದೇ ಪದ ಬಿಟ್ಟುಕೊಟ್ಟರೆ ನಾಳೆ ಬೋರ್ಡಿನಲ್ಲಿ ಕನ್ನಡ ಅಂತ ಏನು ಉಳಿಯುತ್ತದೆ?

ಕುಂಬಳೆಯಿಂದ:
ಬೋರ್ಡಿನಿಂದ ಕನ್ನಡ ಹೋಗುವುದು ಬಂದೂಕಿನಿಂದಲ್ಲ. ಮಲಯಾಳ ಮೊದಲು ತಯಾರಾಗಿ, ನಾವು ಶುದ್ಧ ಪದ ಹುಡುಕುತ್ತಾ ಕೂತಾಗ ಹೋಗುತ್ತದೆ. ಓದುವ ಮಕ್ಕಳಿಗೆ ಅರ್ಥವಾಗುವುದನ್ನು ಬರೆಯಿರಿ. ‘ಪಡೆಯುಳಿಕೆ’ ಸುಮ್ನೆ ಹೊಸೆದದ್ದು, ಯಾರ ಬಾಯಲ್ಲೂ ಇಲ್ಲ.

ಬದಿಯಡ್ಕದಿಂದ:
ಇಬ್ಬರಿಗೂ ಧನ್ಯವಾದ. ‘ಸೇನೆ ಮಾರಿದ ಹಳೆಯ ಬಂದೂಕು’, ‘ಕೈಯಗುಳಿ’ ಎರಡನ್ನೂ ಹಾಕುತ್ತಿದ್ದೇನೆ. ಆ ಫೋಟೋದ ಅಡಿ ‘ಎರಡನೇ ಮಹಾಯುದ್ಧ’ ಅಂತ ತಿದ್ದಿದೆ, ಮಲಯಾಳದ ಫಲಕದವರಿಗೂ ತಿಳಿಸಿದ್ದೇನೆ.