ಕೀಮೋ ನಡೀತಿರೋವಾಗ ಅಮೃತಬಳ್ಳಿ ಕಷಾಯ ಕೊಡಬಹುದಾ?

ಹಾಸನದ ಹುಡುಗಿ:
ಅಮ್ಮಂಗೆ ಬ್ರೆಸ್ಟ್ ಕ್ಯಾನ್ಸರ್, ಎಸಿ ಕೀಮೋ (ಎರಡು ಔಷಧಿ ಸೇರಿಸಿ ಕೊಡೋದು) ಶುರುವಾಗಿದೆ, ಅದೇ ಕೆಂಪು ಇಂಜೆಕ್ಷನ್ ಡಾಕ್ಸೋರುಬಿಸಿನ್ ಇರೋದು. ಹಾರ್ಟಿಗೆ ಪೆಟ್ಟು ಬೀಳಬಹುದು ಅಂತ ಮೊದ್ಲೇ ಎಕೋ (ಹಾರ್ಟ್ ಸ್ಕ್ಯಾನ್) ಮಾಡ್ಸಿದ್ರು. ಈಗ ಸೋದರಮಾವ ತೋಟದಿಂದ ಅಮೃತಬಳ್ಳಿ ತಂದಿಟ್ಟು ದಿನಾ ಕಷಾಯ ಕೊಡು ಅಂತಿದಾರೆ, ಇಲಿಗಳಲ್ಲಿ ಹಾರ್ಟು ಲಿವರ್ರು ಎಲ್ಲಾ ಉಳೀತಂತೆ ಅಂತ ವಾಟ್ಸಾಪಲ್ಲಿ ಪೇಪರ್ ಬೇರೆ ಕಳ್ಸಿದಾರೆ. ಕೊಡ್ಲಾ ಬೇಡ್ವಾ?

ಎಂಫಾರ್ಮ್ ಮಂಜ:
ಇಂಥ ಪ್ರಯೋಗ ನಾನೇ ಮಾಡಿದೀನಿ, ಬೇರೆ ಸೊಪ್ಪಿಂದು. ಆರೋಗ್ಯವಾಗಿರೋ ಇಲಿಗೆ ದಿನಾ ಬಾಯಿಗೆ ನಳಿಗೆ ಹಾಕಿ ಎಕ್ಸ್‌ಟ್ರಾಕ್ಟ್ ಕುಡಿಸೋದು, ಆಮೇಲೆ ಡಾಕ್ಸೋ ಒಂದೇ ಸಲ ಕೆಜಿಗೆ 15 ಮಿ.ಗ್ರಾಂ ಲೆಕ್ಕದಲ್ಲಿ ಹೊಟ್ಟೆಗೆ ಚುಚ್ಚೋದು, ರಕ್ತದಲ್ಲಿ ಸಿಕೆ-ಎಂಬಿ (ಹಾರ್ಟಿಗೆ ಪೆಟ್ಟಾದ್ರೆ ಏರೋ ಕಿಣ್ವ) ನೋಡಿ ಕೊನೆಗೆ ಹಾರ್ಟ್ ಕುಯ್ದು ಸ್ಲೈಡ್ ಮಾಡೋದು. ಸೊಪ್ಪು ಕುಡ್ದ ಇಲಿಯ ಸ್ನಾಯು ಎಳೆ ನೀಟಾಗಿ ಕಾಣತ್ತೆ, ಗೈಡ್‌ಗೂ ಖುಷಿ. ಆದ್ರೆ ಆ ಇಲಿಗೆ ಗಡ್ಡೇನೇ ಇರ್ಲಿಲ್ವಲ್ಲ! ಹಾರ್ಟ್ ಕಾಪಾಡೋದು ಗಡ್ಡೆನೂ ಕಾಪಾಡಿಬಿಟ್ರೆ?
ಇನ್ನೊಂದು, ಡಾಕ್ಸೋ ದೇಹದಿಂದ ಹೊರಗೆ ಹೋಗೋದು ಲಿವರ್ ಮೂಲಕ. ಕೋವಿಡ್ ಟೈಮಲ್ಲಿ ಅಮೃತಬಳ್ಳಿ ತಗೊಂಡು ಲಿವರ್ ಕೆಟ್ಟ ಕೇಸ್‌ಗಳು ಮುಂಬೈಯಿಂದ 2021ರಲ್ಲಿ ವರದಿ ಆದ್ವು, ಆಯುಷ್ ಸಚಿವಾಲಯ ಒಪ್ಲಿಲ್ಲ, ಆ ಜಗಳ ಏನೇ ಇರ್ಲಿ, ಬಿಲಿರುಬಿನ್ (ಲಿವರ್ ಸೋತ್ರೆ ರಕ್ತದಲ್ಲಿ ಏರೋ ಹಳದಿ ಪದಾರ್ಥ) ಏರ್ತು ಅಂದ್ರೆ ಡಾಕ್ಸೋ ಡೋಸ್ ಇಳಿಸ್ತಾರೆ ಇಲ್ಲಾ ಸೈಕಲ್ (ಕೀಮೋ ಸುತ್ತು) ಮುಂದಕ್ಕೆ ಹಾಕ್ತಾರೆ.

ಹಿತ್ತಲ ಗಿಡ:
ಗಿಡಮೂಲಿಕೆ ಅಂದ್ರೆ ಸಾಕು ಮುಗಿಬೀಳ್ತೀರ. ವಿನ್‌ಕ್ರಿಸ್ಟಿನ್ ಅನ್ನೋ ಕೀಮೋ ಔಷಧಿ ಬಂದಿದ್ದು ನಿತ್ಯಪುಷ್ಪದಿಂದ ತಾನೇ? ನಮ್ಮಪ್ಪಂಗೆ ಕೀಮೋ ಆದಾಗ ಪರಂಗಿ ಎಲೆ ರಸ ಕೊಟ್ವಿ, ಪ್ಲೇಟ್‌ಲೆಟ್ ಏರ್ತು.

ಎಂಫಾರ್ಮ್ ಮಂಜ:
ಹೌದು ಸರ್, ಆದ್ರೆ ಆ ಗಿಡ ಅರೆದು ಯಾರೂ ಕುಡಿಸಲ್ಲ, ಶುದ್ಧ ಮಾಡಿ ಮಿಲಿಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ ಕೊಡ್ತಾರೆ. ಪ್ಲೇಟ್‌ಲೆಟ್ ಕೀಮೋ ಆದ್ಮೇಲೆ ಇಳಿದು, ಸಾಮಾನ್ಯವಾಗಿ ಮುಂದಿನ ಸೈಕಲ್ ಹೊತ್ತಿಗೆ ತಾನಾಗೇ ಏರತ್ತೆ, ಅಲ್ಲಿ ರಸದ ಪಾಲೆಷ್ಟು ಅಂತ ಹೇಗೆ ಹೇಳ್ತೀರ?

ಡೇಕೇರ್ ಸಿಸ್ಟರ್:
ನಮ್ಮಲ್ಲಿ ಮುಚ್ಚಿಟ್ಟು ಕೊಡೋರೇ ಜಾಸ್ತಿ, ಎಲ್‌ಎಫ್‌ಟಿ (ಲಿವರ್ ಟೆಸ್ಟ್) ಏರಿದಾಗ ಕೇಳಿದ್ರೆ ಒಬ್ರ ಮುಖ ಒಬ್ರು ನೋಡ್ತಾರೆ. ಹಸಿ ರಸ ಅಂತೂ ಬೇಡ, ಬಿಳಿ ರಕ್ತಕಣ ಇಳಿದಿರೋವಾಗ ಇನ್ಫೆಕ್ಷನ್ ಆದ್ರೆ ಅಡ್ಮಿಟ್ಟೇ. ಹಾರ್ಟ್ ಬಗ್ಗೆ ತುಂಬಾ ಹೆದ್ರಬೇಡಿ, ಸಾಮಾನ್ಯವಾಗಿ ಎಸಿ 4 ಸೈಕಲ್ಲಿಗೆ ಡಾಕ್ಸೋ ಒಟ್ಟು ದೇಹದ ಮೇಲ್ಮೈಯ ಚದರ ಮೀಟರ್‌ಗೆ 240 ಮಿ.ಗ್ರಾಂ, ರಿಸ್ಕ್ ಜೋರಾಗೋದು 400 ದಾಟಿದ್ಮೇಲೆ. ಮೊದ್ಲಿಂದ ಹಾರ್ಟ್ ತೊಂದ್ರೆ ಇದ್ರೆ ಮಾತ್ರ ಬೇರೆ ಲೆಕ್ಕ, ಅದನ್ನ ಡಾಕ್ಟರ್ ಹತ್ರನೇ ಕೇಳಿ.

ಹಾಸನದ ಹುಡುಗಿ:
ಥ್ಯಾಂಕ್ಸ್ ಸಿಸ್ಟರ್. ಬುಧವಾರ ಓಪಿಡಿ ಇದೆ, ಮಾವನ್ನೂ ಕರ್ಕೊಂಡು ಹೋಗ್ತೀನಿ, ನಾನು ಹೇಳಿದ್ರೆ ಕೇಳಲ್ಲ ಅವ್ರು. ವಾಂತಿಗೆ ಶುಂಠಿ ಟೀ ಕೊಡಬಹುದಾ?

ಡೇಕೇರ್ ಸಿಸ್ಟರ್:
ಅಡುಗೆಗೆ ಹಾಕೋವಷ್ಟು ಶುಂಠಿ ಪರವಾಗಿಲ್ಲ, ಆದ್ರೆ ಬರೆದುಕೊಟ್ಟಿರೋ ವಾಂತಿ ಮಾತ್ರೆ ಬಿಡಬೇಡಿ.