‘ಕರೆಂಟ್ ಕಡಿಮಿ ಬಂದು ಮೋಟರ್ ಸುಟ್ಟೇತಿ’: ಇಲ್ಲಿ ಕಡಿಮೆಯಾದದ್ದು ಯಾವುದು?

ಮಾನ್ಯರೆ,

ಮುಧೋಳ, ಜಮಖಂಡಿ ಸೀಮೆಯ ಕಬ್ಬಿನ ತೋಟಗಳಲ್ಲಿ ಪಂಪ್‌ಸೆಟ್ಟು ಕೆಟ್ಟಾಗ ಮೇಲಿನ ಮಾತನ್ನು ಹೇಳುವುದು ವಾಡಿಕೆ. ವಿದ್ಯುತ್ತಿನ ಮೂಲಪಾಠಗಳನ್ನು ಐ.ಟಿ.ಐ. ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಹೇಳಿಕೊಡುವಾಗ ಈ ‘ಕರೆಂಟ್’ ಪದವನ್ನು ಹೇಗೆ ಬಿಡಿಸಬೇಕು ಎಂಬುದು ನನ್ನ ಪ್ರಶ್ನೆ.

ಪಠ್ಯದ ಪರಿಭಾಷೆಯಲ್ಲಿ ನೋಡಿದರೆ ನಡೆದದ್ದು ಇದರ ತಿರುವುಮುರುವು. 415 ವೋಲ್ಟಿನ ತ್ರೀ ಫೇಸ್ ಮೋಟರಿಗೆ 350 ವೋಲ್ಟ್ ಮಾತ್ರ ಸಿಕ್ಕರೂ ಅದು ಎತ್ತಬೇಕಾದ ನೀರು ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ, ಅದು ಮೊದಲಿಗಿಂತ ಹೆಚ್ಚು ಪ್ರವಾಹವನ್ನು (ಪಠ್ಯದಲ್ಲಿ ‘ಕರೆಂಟ್’ಗೆ ಇರುವ ಪದ ಇದು) ಎಳೆದುಕೊಳ್ಳುತ್ತದೆ. ವೈಂಡಿಂಗಿನಲ್ಲಿ, ಅಂದರೆ ಮೋಟರಿನೊಳಗಿನ ತಂತಿಯ ಸುರುಳಿಯಲ್ಲಿ, ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಪ್ರವಾಹ ಶೇ. 20ರಷ್ಟು ಹೆಚ್ಚಿದರೆ ಶಾಖ ಶೇ. 44ರಷ್ಟು ಹೆಚ್ಚುತ್ತದೆ. ಅಂದರೆ ಕಡಿಮೆಯಾದದ್ದು ವಿಭವಾಂತರ (ವೋಲ್ಟೇಜು), ಸುಟ್ಟದ್ದು ಹೆಚ್ಚಿದ ಪ್ರವಾಹ. ಓಮ್‌ನ ನಿಯಮವನ್ನು (ವೋಲ್ಟೇಜು ಇಳಿದರೆ ಪ್ರವಾಹವೂ ಇಳಿಯುತ್ತದೆ ಎಂಬುದನ್ನು) ಆಗಷ್ಟೇ ಕಲಿತ ಹುಡುಗನಿಗೆ ಇದು ಒಪ್ಪಿಗೆಯಾಗುವುದಿಲ್ಲ. ಆ ನಿಯಮ ರೋಧ (ಪ್ರವಾಹಕ್ಕೆ ಒಡ್ಡುವ ತಡೆ) ಬದಲಾಗದ ವಾಹಕದ ಮಾತೇ ಹೊರತು ತಿರುಗುವ ಮೋಟರಿನದಲ್ಲ ಎಂದು ಬೇರೆಯಾಗಿಯೇ ತಿಳಿಸಬೇಕಾಗುತ್ತದೆ.

ಏನನ್ನೂ ಜೋಡಿಸದ ಸಾಕೆಟ್ಟಿನಲ್ಲೂ ‘ಕರೆಂಟ್ ಐತಿ, ಮುಟ್ಟಬ್ಯಾಡ’ ಎನ್ನುತ್ತೇವೆ. ಅಲ್ಲಿ 230 ವೋಲ್ಟ್ ಇದೆ, ಪ್ರವಾಹ ಸೊನ್ನೆ.

ಹಾಗೆಂದು ಪಠ್ಯದ ಪದಗಳೂ ನಿರಾತಂಕವಲ್ಲ. ‘ವಿಭವ’ ಎಂದರೆ ನಿಘಂಟಿನಲ್ಲಿ ಐಶ್ವರ್ಯ, ಪಂಚಾಂಗದಲ್ಲಿ ಎರಡನೆಯ ಸಂವತ್ಸರ. ‘ಪ್ರವಾಹ’ ಎಂದೊಡನೆ ಘಟಪ್ರಭೆಯ ದಂಡೆಯವರಿಗೆ ನೆನಪಾಗುವುದು 2019ರ ಮಹಾಪೂರವೇ. ಆದರೂ ಹರಿಯುವುದು ಎಂಬ ಭಾವ ಅದರಲ್ಲಿ ಉಳಿದಿರುವುದರಿಂದ ‘ಪ್ರವಾಹ’ವನ್ನು ಬಿಡಲು ನನಗೆ ಮನಸ್ಸಿಲ್ಲ, ‘ವಿಭವಾಂತರ’ವನ್ನು ಮಾತ್ರ ಪರೀಕ್ಷೆಯ ಉತ್ತರಕ್ಕೆ ಮೀಸಲಿಟ್ಟು, ಪಾಠದಲ್ಲಿ ‘ವೋಲ್ಟೇಜು’ ಎನ್ನುವುದೇ ಲೇಸೆಂದು ತೋರುತ್ತದೆ.

ಮೋಟರ್ ವೈಂಡಿಂಗ್ ಮಾಡುವವರು ಈ ಗೊಂದಲವನ್ನು ತಮ್ಮದೇ ರೀತಿಯಲ್ಲಿ ದಾಟಿದ್ದಾರೆ. ಟಾಂಗ್ ಟೆಸ್ಟರ್ (ತಂತಿಯನ್ನು ಇಕ್ಕಳದಂತೆ ಸುತ್ತುವರಿದು ಪ್ರವಾಹ ಅಳೆಯುವ ಉಪಕರಣ) ಹಿಡಿದು ‘ಓಲ್ಟೇಜ್ ಇಳದೈತಿ, ಆಂಪಿಯರ್ ಏರೈತಿ’ ಎನ್ನುವ ಅವರ ಮಾತಿನಲ್ಲಿ ಆಂಪಿಯರ್ ಎಂಬ ಮಾನದ ಹೆಸರೇ ಪ್ರವಾಹವೆಂಬ ಪರಿಮಾಣದ ಹೆಸರಾಗಿದೆ. ಶಾಸ್ತ್ರದ ಕಣ್ಣಿಗೆ ಇದು ದೋಷವಾದರೂ ಅರ್ಥದಲ್ಲಿ ಸಂದೇಹವಿಲ್ಲ. ‘ವೋಲ್ಟೇಜ್’ ಪದವೂ ವೋಲ್ಟ್ ಎಂಬ ಮಾನದಿಂದಲೇ ಹುಟ್ಟಿದ್ದಲ್ಲವೆ?

‘ಆಂಪಿಯರ್ ಏರಿತು’ ಎಂದು ಬರೆಹದ ಪಾಠದಲ್ಲಿ ಬಳಸುವುದು ಸಾಧುವೆ? ಅಥಣಿ, ಇಂಡಿ, ಸಿಂದಗಿ ಕಡೆಯ ಕೆಲಸಗಾರರಲ್ಲಿ ವೋಲ್ಟೇಜು, ಪ್ರವಾಹ ಇವೆರಡನ್ನು ಬೇರ್ಪಡಿಸುವ ಅಚ್ಚಗನ್ನಡದ ಮಾತುಗಳಿದ್ದರೆ, ಬಲ್ಲವರು ಪ್ರಯೋಗಸಹಿತ ತಿಳಿಸಬೇಕೆಂದು ಕೋರುತ್ತೇನೆ.