ಹುಟ್ಟಿದ ಹಬ್ಬದ ಹಾಡಿನಲ್ಲಿ ರಕ್ತ, ಮುಳ್ಳು, ಕಹಿ ಯಾಕೆ?

ಗುಬ್ಬಿಗೂಡು:
‘ದಿ ಹಾಲಿ ಅಂಡ್ ದಿ ಐವಿ’ ಅನ್ನೋ ಇಂಗ್ಲಿಷ್ ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡು, ಗೊತ್ತಲ್ವಾ? ರಾಗ ಚೆನ್ನಾಗಿದೆ ಅಂತ ಇಷ್ಟು ವರ್ಷ ಸುಮ್ನೆ ಹಾಡಿಕೊಂಡು ಬಂದೆ. ಈ ಸಲ ಮಗಳಿಗೆ ಹೇಳಿಕೊಡುವಾಗ ಒಂದೊಂದೇ ಸಾಲಿನ ಅರ್ಥ ಬಿಡಿಸಬೇಕಾಯಿತು. ಹಾಲಿ ಗಿಡದ ಹೂವು ಬಿಳಿ, ಹಣ್ಣು ರಕ್ತದ ಹಾಗೆ ಕೆಂಪು, ಎಲೆಗೆ ಮುಳ್ಳು, ತೊಗಟೆ ಪಿತ್ತದಷ್ಟು ಕಹಿ. ಅವಳು ಅಲ್ಲೇ ತಡೆದು, "ಪಾಪು ಹುಟ್ಟಿದ ಹಾಡಲ್ಲಿ ರಕ್ತ ಯಾಕಮ್ಮಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಐವಿ ಬಳ್ಳಿಯೂ ಮೊದಲ ಸಾಲಿನಲ್ಲಿ ಬಂದು ಮಾಯವಾಗುತ್ತದೆ. ತಿಳಿದವರು ಹೇಳಿ.

ಸಂಜೆಗಂಟೆ:
ಮಗಳು ಸರಿಯಾದ ಜಾಗದಲ್ಲೇ ತಡೆದಿದ್ದಾಳೆ. ಈ ಹಾಡು ಹೇಳುವುದೇ ಅದನ್ನು. ಕ್ರೈಸ್ತ ನಂಬಿಕೆಯಲ್ಲಿ ದೇವರು ಮನುಷ್ಯನಾಗಿ ಹುಟ್ಟಿದ್ದು ನಮ್ಮ ಪಾಪಕ್ಕಾಗಿ ಪ್ರಾಣ ಕೊಡಲಿಕ್ಕೆ, ಹಾಗಾಗಿ ಯೇಸು ಹುಟ್ಟಿದಾಗ ಮಲಗಿಸಿದ ಗೋದಲಿಯನ್ನು ಅವನು ಸತ್ತ ಶಿಲುಬೆಯಿಂದ ಬೇರೆ ಮಾಡಿ ನೋಡಲು ಆಗುವುದಿಲ್ಲ. ಬಿಳಿ ಹೂವನ್ನು ಹಾಡು ಲಿಲಿಗೆ ಹೋಲಿಸುತ್ತದೆ, ಲಿಲಿ ಮರಿಯಮ್ಮನ ಪವಿತ್ರತೆಯ ಗುರುತು. ಕೆಂಪು ಹಣ್ಣು ಯೇಸುವಿನ ರಕ್ತ. ಮುಳ್ಳು ಅಂದಾಗ ಮುಳ್ಳಿನ ಕಿರೀಟ ನೆನಪಾಗುತ್ತದೆ, ಆದರೆ ಅದೇ ಚರಣದ ಕೊನೆಗೆ ಬರುವುದು ಕ್ರಿಸ್‌ಮಸ್ ಮುಂಜಾನೆ, ನೋಡಿ, ಎರಡನ್ನೂ ಹೇಗೆ ಒಟ್ಟಿಗೆ ಕಟ್ಟಿದ್ದಾರೆ! ಇನ್ನು ಕಹಿ. ಬೈಬಲ್ಲಿನ ಮತ್ತಾಯ 27:34ರಲ್ಲಿ ಶಿಲುಬೆಗೆ ಹಾಕುವ ಮುಂಚೆ ಕಹಿ ಬೆರೆಸಿದ ದ್ರಾಕ್ಷಾರಸ ಕೊಡುತ್ತಾರೆ, ಯೇಸು ರುಚಿ ನೋಡಿ ಕುಡಿಯುವುದಿಲ್ಲ. ಮಾರ್ಕ 15:23ರಲ್ಲಿ ಅದು ರಕ್ತಬೋಳ ಅನ್ನೋ ಕಹಿಯಾದ ಸುಗಂಧದ ಅಂಟು ಬೆರೆಸಿದ್ದು. ಜ್ಯೋತಿಷಿಗಳು ಮಗುವಿಗೆ ತಂದ ಕಾಣಿಕೆಯಲ್ಲೂ ರಕ್ತಬೋಳ ಇತ್ತಲ್ವಾ, ಚಿನ್ನ ಮತ್ತು ಧೂಪದ ಜೊತೆ. ಇದನ್ನು ಗಮನಿಸಿದ ದಿನ ನನಗೆ ತುಂಬ ಹೊತ್ತು ಬೇರೇನೂ ಓದಲು ಆಗಲಿಲ್ಲ.

ಹಸಿರೆಲೆ:
ಒಂದು ಮಾತು ಸೇರಿಸಬೇಕು. ಚಳಿಗಾಲದಲ್ಲಿ ಉಳಿದ ಮರಗಳೆಲ್ಲ ಬೋಳಾದಾಗಲೂ ಹಾಲಿ, ಐವಿ ಎರಡೂ ಹಸಿರಾಗಿರುತ್ತವೆ, ಅದಕ್ಕೇ ಅವನ್ನು ತಂದು ಸಿಂಗರಿಸುವುದು. ಇಂಗ್ಲೆಂಡಿನ 15ನೇ ಶತಮಾನದ ಹಾಡುಗಳಲ್ಲಿ ಹಾಲಿ ಗಂಡು, ಐವಿ ಹೆಣ್ಣು, ಇಬ್ಬರಿಗೂ ಯಾರು ಮೇಲು ಅಂತ ಜಗಳ. ಐವಿ ಈ ಹಾಡಿನ ಮೊದಲ ಸಾಲಿಗೆ ಬಂದಿದ್ದು ಆ ಹಳೆಯ ಜೋಡಿಯಿಂದ ಅಂತ ನನ್ನ ಅಭಿಪ್ರಾಯ. ಈಗ ನಾವು ಹಾಡುವ ರೂಪವನ್ನು ಜನಪದ ಹಾಡು ಸಂಗ್ರಹಿಸುತ್ತಿದ್ದ ಸೆಸಿಲ್ ಶಾರ್ಪ್ ಅವರು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಚಿಪ್ಪಿಂಗ್ ಕ್ಯಾಂಪ್ಡನ್‌ನಲ್ಲಿ ಒಬ್ಬ ಹೆಂಗಸಿನ ಬಾಯಿಂದ ಕೇಳಿ ಬರೆದುಕೊಂಡು 1911ರಲ್ಲಿ ಅಚ್ಚು ಹಾಕಿಸಿದರು. ಹಸಿರು ಗಿಡ ಹಳೆಯದು, ಅರ್ಥ ಕ್ರೈಸ್ತರದ್ದು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ‘ಟ್ವೆಲ್ವ್ ಡೇಸ್ ಆಫ್ ಕ್ರಿಸ್‌ಮಸ್’ ಅನ್ನೋ ಇನ್ನೊಂದು ಹಾಡಿನಲ್ಲಿ ಗುಟ್ಟಾದ ಧರ್ಮಪಾಠ ಇದೆ ಅಂತ ಹರಿದಾಡುತ್ತದಲ್ಲ, ಅದಕ್ಕೆ ಹಳೆಯ ಆಧಾರ ಇಲ್ಲ. ಇಲ್ಲಿ ಹಾಡೇ ಬಾಯಿಬಿಟ್ಟು ಹೇಳುತ್ತದೆ.

ಗುಬ್ಬಿಗೂಡು:
ಇಬ್ಬರಿಗೂ ತುಂಬ ಥ್ಯಾಂಕ್ಸ್. ರಕ್ತಬೋಳದ ವಿಷಯ ಓದಿ ಮೈ ಜುಮ್ಮೆಂದಿತು. ಮಕ್ಕಳ ಕಾರ್ಯಕ್ರಮ ಅಂತ ಕಹಿಯ ಚರಣ ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಬಿಡಬಹುದಾ?

ಸಂಜೆಗಂಟೆ:
ದಯವಿಟ್ಟು ಬಿಡಬೇಡಿ. ಆ ಚರಣದ ಕೊನೆಯ ಮಾತೇ ನಮ್ಮೆಲ್ಲರನ್ನು ಪಾಪದಿಂದ ಬಿಡಿಸಲಿಕ್ಕೆ ಅಂತ. ಅದಾದ ಮೇಲೂ ಸೂರ್ಯ ಹುಟ್ಟುವ ಅದೇ ಪಲ್ಲವಿ ಬರುತ್ತದೆ. ನನ್ನ ಕಿವಿಗೆ ಅದು ಯೇಸು ಮತ್ತೆ ಎದ್ದು ಬಂದ ಈಸ್ಟರ್ ಬೆಳಗಿನ ಹಾಗೆ ಕೇಳುತ್ತದೆ. ಆ ಚರಣ ಸ್ವಲ್ಪ ನಿಧಾನವಾಗಿ ಹಾಡಿಸಿ, ಪಲ್ಲವಿಗೆ ಪೂರ್ತಿ ಗಂಟಲು ಬಿಡಲಿ.